ಅಲರ್ಜಿಯ ಉರಿಯೂತದಲ್ಲಿ ಜೀವಕೋಶಗಳ ಅಂಟು ಅಣುಗಳ ಪಾತ್ರ

ಧೂಳಿನ ನುಸಿ ಅಥವಾ ಪಾರ್ಥೇನಿಯಂ ಕಳೆಯ ಪರಾಗವು ಅಲರ್ಜಿಯುಳ್ಳ ವ್ಯಕ್ತಿಯ ಉಸಿರಿನೊಡನೆ ಒಳಸೇರಿದ ಕೆಲವೇ ನಿಮಿಷಗಳಲ್ಲಿ ಸೀನು ಅಥವಾ ಉಬ್ಬಸ ಕಾಣಿಸಿಕೊಳ್ಳುತ್ತದೆ. ಮಾಸ್ಟ್ ಕೋಶಗಳು ಹೊರಸೂಸುವ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಇದಕ್ಕೆ ಕಾರಣ. ಈ ಲಕ್ಷಣಗಳು ಶಮನಗೊಂಡ ಮೇಲೂ, ಹಲವು ರೋಗಿಗಳಲ್ಲಿ ಸುಮಾರು 4ರಿಂದ 8 ಗಂಟೆಗಳ ತರುವಾಯ ತೊಂದರೆಯು ಮರಳಿ ತಲೆದೋರುತ್ತದೆ. ಆ ವೇಳೆಗೆ ಬಿಳಿ ರಕ್ತಕಣಗಳು, ಮುಖ್ಯವಾಗಿ ಇಯೊಸಿನೊಫಿಲ್‌ಗಳು, ರಕ್ತನಾಳವನ್ನು ದಾಟಿ ಶ್ವಾಸನಾಳದ ಅಂಗಾಂಶವನ್ನು ಸೇರಿರುತ್ತವೆ.

ರಭಸದಿಂದ ಹರಿಯುವ ರಕ್ತದಲ್ಲಿ ಒಂದು ಕಣವು ನಿರ್ದಿಷ್ಟ ಸ್ಥಳದಲ್ಲಿಯೇ ನಿಲ್ಲುವುದು ಸುಲಭವಲ್ಲ. ಅದನ್ನು ಸಾಧ್ಯವಾಗಿಸುವುದು ಜೀವಕೋಶಗಳ ಮೇಲ್ಮೈಯಲ್ಲಿರುವ ಅಂಟು ಅಣುಗಳು. ಮೊದಲು ಸೆಲೆಕ್ಟಿನ್‌ಗಳೆಂಬ ಅಣುಗಳು ಕಣವನ್ನು ಸಡಿಲವಾಗಿ ಹಿಡಿಯುತ್ತವೆ. ಕಣವು ನಾಳದ ಒಳಗೋಡೆಯ ಮೇಲೆ ಉರುಳುತ್ತಾ ವೇಗ ಕಳೆದುಕೊಳ್ಳುತ್ತದೆ. ನಂತರ ಕಣದ ಮೇಲಿನ ಇಂಟೆಗ್ರಿನ್‌ಗಳು ಗೋಡೆಯಲ್ಲಿರುವ ಐಕ್ಯಾಮ್-1 ಮತ್ತು ವಿಕ್ಯಾಮ್-1 ಅಣುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಗ ಕಣವು ಚಪ್ಪಟೆಯಾಗಿ ಗೋಡೆಯ ಕೋಶಗಳ ಸಂದಿನಿಂದ ಹೊರನುಸುಳುತ್ತದೆ. ಅಲರ್ಜಿಯಲ್ಲಿ ಉತ್ಪತ್ತಿಯಾಗುವ ಇಂಟರ್‌ಲ್ಯೂಕಿನ್-4 ಮತ್ತು ಇಂಟರ್‌ಲ್ಯೂಕಿನ್-13 ಎಂಬ ಸಂಕೇತ ಪ್ರೋಟೀನುಗಳು ವಿಶೇಷವಾಗಿ ವಿಕ್ಯಾಮ್-1 ಪ್ರಮಾಣವನ್ನು ಹೆಚ್ಚಿಸುತ್ತವೆ. ಅದನ್ನು ಹಿಡಿಯುವ ವಿಎಲ್‌ಎ-4 ಎಂಬ ಇಂಟೆಗ್ರಿನ್ ಇಯೊಸಿನೊಫಿಲ್‌ಗಳಲ್ಲಿ ಧಾರಾಳವಾಗಿದ್ದು, ನ್ಯೂಟ್ರೊಫಿಲ್‌ಗಳಲ್ಲಿ ಅತ್ಯಲ್ಪವಾಗಿರುತ್ತದೆ. ಅಲರ್ಜಿಯಲ್ಲಿ ಇಯೊಸಿನೊಫಿಲ್‌ಗಳೇ ಗುಂಪುಗೂಡಲು ಇದೊಂದು ಮುಖ್ಯ ಕಾರಣ. ನೆಗಡಿಯನ್ನುಂಟುಮಾಡುವ ಬಹುಪಾಲು ರೈನೋವೈರಸ್‌ಗಳು ಜೀವಕೋಶದೊಳಗೆ ಪ್ರವೇಶಿಸಲು ಇದೇ ಐಕ್ಯಾಮ್-1 ಅನ್ನು ಬಳಸುತ್ತವೆಂಬುದು 1989ರಲ್ಲಿ ತಿಳಿದುಬಂದಿತು.

ಈ ಹಿಡಿತವನ್ನೇ ತಪ್ಪಿಸುವ ಯೋಚನೆ ಸಹಜವಾಗಿತ್ತು. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐಕ್ಯಾಮ್-1 ವಿರುದ್ಧದ ಪ್ರತಿಕಾಯವು ಕೋತಿಗಳ ಶ್ವಾಸನಾಳಕ್ಕೆ ಇಯೊಸಿನೊಫಿಲ್‌ಗಳು ನುಗ್ಗುವುದನ್ನು ತಗ್ಗಿಸಿತು. ಆದರೆ ಸೋಂಕಿನ ವಿರುದ್ಧ ಹೋರಾಡುವ ಕಣಗಳಿಗೂ ಇದೇ ಮಾರ್ಗ. ಹುಟ್ಟಿನಿಂದಲೇ ಬೀಟಾ-2 ಇಂಟೆಗ್ರಿನ್ ಕೊರತೆಯುಳ್ಳ ಶಿಶುಗಳು ಪದೇಪದೇ ತೀವ್ರ ಸೋಂಕಿಗೆ ಗುರಿಯಾಗುತ್ತವೆ. ವಿಎಲ್‌ಎ-4 ಅನ್ನು ತಡೆಯುವ ನಟಾಲಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗಾಗಿ ಅನುಮೋದನೆ ದೊರೆಯಿತು. ಮಿದುಳಿನ ಅಪರೂಪದ ಮಾರಕ ಸೋಂಕು ಕಂಡುಬಂದುದರಿಂದ 2005ರಲ್ಲಿ ಅದನ್ನು ಹಿಂತೆಗೆದು, 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಮರಳಿ ತರಲಾಯಿತು. ಬೇರೆ ಸುರಕ್ಷಿತ ಔಷಧಗಳಿರುವ ಆಸ್ತಮಾಕ್ಕೆ ಇಂತಹ ಅಪಾಯವು ಒಪ್ಪತಕ್ಕದ್ದಲ್ಲ.

ಆದುದರಿಂದ ಇಂದಿನ ಚಿಕಿತ್ಸೆಯು ಅಂಟು ಅಣುವನ್ನು ಬಿಟ್ಟು, ಅದನ್ನು ಹೆಚ್ಚಿಸುವ ಸಂಕೇತವನ್ನು ಗುರಿಯಾಗಿಸಿಕೊಂಡಿದೆ. ಇನ್‌ಹೇಲರ್ ಮೂಲಕ ಸೇದುವ ಸ್ಟೆರಾಯ್ಡ್ ಈ ಕೆಲಸವನ್ನೇ ಮಾಡುತ್ತದೆ. ಅದರ ಪೂರ್ಣ ಪರಿಣಾಮಕ್ಕೆ ವಾರಗಳು ಬೇಕಾಗುವುದರಿಂದ, ಉಸಿರಾಟ ಸರಾಗವಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸತಕ್ಕದ್ದಲ್ಲ. ಇಂಟರ್‌ಲ್ಯೂಕಿನ್-4 ಮತ್ತು ಇಂಟರ್‌ಲ್ಯೂಕಿನ್-13ರ ಸಂಕೇತವನ್ನು ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದಲ್ಲಿ ಆಸ್ತಮಾಕ್ಕಾಗಿ ಅನುಮೋದನೆ ದೊರೆಯಿತು. ಇದನ್ನು ಪಡೆಯುವ ಕೆಲವರ ರಕ್ತದಲ್ಲಿ ಇಯೊಸಿನೊಫಿಲ್‌ಗಳ ಸಂಖ್ಯೆ ತಾತ್ಕಾಲಿಕವಾಗಿ ಏರುವುದುಂಟು. ಅಂಗಾಂಶವನ್ನು ಸೇರಲಾಗದ ಕಣಗಳು ರಕ್ತದಲ್ಲಿಯೇ ಉಳಿಯುವುದು ಇದಕ್ಕೆ ಕಾರಣವೆಂದು ತಜ್ಞರು ಭಾವಿಸಿದ್ದಾರೆ.