ಕೂತಿರಲಿ ಬಿಡಿ ಎನ್ನುವ ಮುನ್ನ

ಮಲೆ ಮಹದೇಶ್ವರ ಬೆಟ್ಟ ದಾಟಿ ಮೆಟ್ಟೂರು ರಸ್ತೆ ಹಿಡಿದರೆ ರಾಜ್ಯದ ತುದಿಯಲ್ಲಿ ಸಿಗುವ ಊರು ಪಾಲಾರ್. ಅಲ್ಲಿಂದಾಚೆ ತಮಿಳುನಾಡು. ಹನೂರು ತಾಲ್ಲೂಕಿನ ಈ ಅಂಚಿನಲ್ಲಿ ಕೆಲವು ಮಕ್ಕಳ ಮನೆಮಾತು ಸೋಲಿಗ ನುಡಿ, ಕೆಲವರದು ತಮಿಳು. ಶಾಲೆಯಲ್ಲಿ ಪುಸ್ತಕದ ಕನ್ನಡ. ಇಂಥ ತರಗತಿಯಲ್ಲಿ ಒಂದು ಮಗು ಕಿವಿ ಸರಿಯಾಗಿ ಕೇಳಿಸದೆಯೋ ಬೋರ್ಡು ಕಾಣದೆಯೋ ಹಿಂದೆ ಬಿದ್ದರೆ ಅದು ಗೊತ್ತಾಗುವುದೇ ಕಷ್ಟ. ‘ಅವನ ತಲೆಗೆ ಹತ್ತಲ್ಲ, ಪಾಪ, ಕೂತಿರಲಿ ಬಿಡಿ’ ಎಂಬ ಮಾತು ಕನಿಕರದಿಂದಲೇ ಹುಟ್ಟುತ್ತದೆ. ಮಗುವಿನ ಓದು ನಿಲ್ಲುವುದೂ ಆ ಮಾತಿನಿಂದಲೇ.

ಈ ಮಾತನ್ನು ಬಿಡಿಸಬಲ್ಲ ಸಾಮಗ್ರಿ ಮೇಷ್ಟ್ರುಗಳಿಗೆ ಈಗ ಪುಕ್ಕಟೆ ಸಿಗುತ್ತಿದೆ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಎಲ್ಲರ ಜೊತೆ ಕೂರಿಸಿ ಕಲಿಸುವ ಬಗೆಯನ್ನು ಹೇಳುವ ಕೈಪಿಡಿಯೊಂದನ್ನು ಎನ್‌ಸಿಇಆರ್‌ಟಿ 2014ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ತಂದಿತು. ‘ನಿಷ್ಠಾ’ ತರಬೇತಿಯ ಆನ್‌ಲೈನ್ ಪಾಠಗಳು ‘ದೀಕ್ಷಾ’ ಜಾಲತಾಣದಲ್ಲಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳ ಲಕ್ಷಣಗಳನ್ನು ಶಾಲೆಯಲ್ಲೇ ಗಮನಿಸಲು ‘ಪ್ರಶಸ್ತ್’ ಎಂಬ ಆ್ಯಪ್ ಇದೆ.

ನನಗೆ ಹಿಡಿಸಿದ್ದು ಇಂಥ ತರಬೇತಿ ಕಲಿಸುವ ಸಣ್ಣ ಸಂಗತಿಗಳು. ಬೋರ್ಡಿನ ಕಡೆ ಮುಖಮಾಡಿ ಬರೆಯುತ್ತಲೇ ಮಾತಾಡಿದರೆ, ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಆ ವಾಕ್ಯ ತಪ್ಪಿಹೋಗುತ್ತದೆ. ಬರೆದದ್ದನ್ನು ಬಾಯಿಬಿಟ್ಟು ಓದದಿದ್ದರೆ ದೃಷ್ಟಿ ಮಂದವಿರುವ ಮಗುವಿಗೆ ನಷ್ಟ. ಆದ್ದರಿಂದ ಮೊದಲು ಬರೆಯಬೇಕು, ಆಮೇಲೆ ಮಕ್ಕಳ ಕಡೆ ತಿರುಗಿ ಓದಬೇಕು. ಇದಕ್ಕೆ ಯಾವ ಅನುದಾನವೂ ಬೇಡ. ರಟ್ಟಿನ ಮೇಲೆ ಗೋಂದಿನಿಂದ ‘ಅ’ ಬರೆದು, ಮೇಲೆ ರಾಗಿ ಉದುರಿಸಿ ಒಣಗಿಸಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. ಕಣ್ಣು ಚೆನ್ನಾಗಿರುವ ಒಂದನೇ ತರಗತಿಯ ಮಕ್ಕಳೂ ಅದನ್ನು ಸವರಿ ಕಲಿಯುತ್ತಾರೆ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ‘ಪ್ರಶ್ನೆ ಅರ್ಥವಾಗುವುದಿಲ್ಲ’, ‘ಮಾತಾಡುವುದಿಲ್ಲ’ ಎಂದು ಆ್ಯಪ್‌ನಲ್ಲಿ ಗುರುತು ಹಾಕುವ ಮೊದಲು, ಆ ಪ್ರಶ್ನೆಯನ್ನು ಮಗುವಿನ ಮನೆಮಾತಿನಲ್ಲಿ ಕೇಳಿಸಿ ನೋಡಬೇಕು. ಕೇಳಲು ಆ ಮಾತು ಬಲ್ಲ ಮೇಲಿನ ತರಗತಿಯ ಹುಡುಗಿಯೊಬ್ಬಳು ಸಾಕು. ಭಾಷೆಯ ತೊಡಕನ್ನು ಬುದ್ಧಿಯ ಕೊರತೆ ಎಂದು ಬರೆದುಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಸೋಲಿಗರ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ; ಬೇಕಿದ್ದುದು ಹತ್ತಿರದಲ್ಲೊಂದು ಶಾಲೆ ಮತ್ತು ಅವರನ್ನು ಬಲ್ಲ ಶಿಕ್ಷಕರು. ಡಾ. ಎಚ್. ಸುದರ್ಶನ್ 1981ರಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಇದನ್ನು ತೋರಿಸಿಕೊಟ್ಟಿದೆ.

ಆ್ಯಪ್ ಕೊಡುವುದು ಸುಳಿವು ಮಾತ್ರ. ನ್ಯೂನತೆ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಅವರ ಬಳಿಗೆ ಮಗುವನ್ನು ತಲುಪಿಸಲು, ತರಗತಿಯಲ್ಲಿ ಮೇಷ್ಟ್ರ ಜೊತೆ ನಿಲ್ಲಲು, ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸಲು ಸಮಗ್ರ ಶಿಕ್ಷಣ ಯೋಜನೆಯಡಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯಿದೆ. ನಿಮ್ಮ ಊರಿನಲ್ಲಿ, ಸೋಲಿಗರ ಪೋಡಿನಲ್ಲಿ ಮನೆಯಲ್ಲೇ ಉಳಿದ ಮಗುವಿದ್ದರೆ ದಯವಿಟ್ಟು ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಚೇರಿಗೆ ಇವತ್ತೇ ಒಂದು ಮಾತು ತಿಳಿಸಿ.