ಖಾಸಗಿ ಕ್ಲೌಡ್: ತಂತ್ರಾಂಶದಲ್ಲಿ ಹೆಣೆದ ಜಾಲ

ಸಂಸ್ಥೆಯೊಂದು ತನ್ನದೇ ಸರ್ವರ್‌ಗಳ ಸಾಮರ್ಥ್ಯವನ್ನೆಲ್ಲ ಒಟ್ಟುಗೂಡಿಸಿ, ಕೇಳಿದ ವಿಭಾಗಕ್ಕೆ ಬೇಕಾದಷ್ಟನ್ನು ಕೆಲವೇ ನಿಮಿಷಗಳಲ್ಲಿ ಹಂಚಿಕೊಡುವ ವ್ಯವಸ್ಥೆಯನ್ನು ಖಾಸಗಿ ಕ್ಲೌಡ್ ಎನ್ನುತ್ತಾರೆ. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯ 2013ರಿಂದ ಇಂಥ ಕ್ಲೌಡ್ ನಡೆಸುತ್ತಿದ್ದು, ಅದಕ್ಕೆ ಆಧಾರವಾದ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶವನ್ನು ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿ 2010ರಲ್ಲಿ ಜೊತೆಗೂಡಿ ಆರಂಭಿಸಿದವು.

ಒಂದು ಸರ್ವರ್‌ನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ತಂತ್ರಾಂಶದಿಂದಲೇ ರೂಪುಗೊಂಡು ಸ್ವತಂತ್ರ ಕಂಪ್ಯೂಟರಿನಂತೆ ವರ್ತಿಸುವ ಯಂತ್ರಗಳನ್ನು ನಡೆಸುವುದು ಈಗ ಕಷ್ಟದ ಕೆಲಸವಲ್ಲ. ಲಿನಕ್ಸ್‌ಗೆ 2007ರಲ್ಲಿ ಸೇರಿದ ಕೆವಿಎಂ ಅದನ್ನು ನಿಭಾಯಿಸುತ್ತದೆ. ನಿಜವಾದ ತೊಡಕಿರುವುದು ಅವುಗಳ ನಡುವಿನ ಜಾಲದಲ್ಲಿ. ಒಂದೇ ಕೇಬಲ್ ಮೇಲೆ ಹಲವು ಜಾಲಗಳನ್ನು ಬೇರೆಬೇರೆಯಾಗಿಡುವ ವಿಲ್ಯಾನ್ ಎಂಬ ಹಳೆಯ ವಿಧಾನದಲ್ಲಿ ಜಾಲದ ಗುರುತಿಗೆ 12 ಬಿಟ್‌ಗಳಷ್ಟೇ ಇರುವುದರಿಂದ 4,094ಕ್ಕಿಂತ ಹೆಚ್ಚು ಜಾಲಗಳು ಸಾಧ್ಯವಿಲ್ಲ. ಜೊತೆಗೆ, ಹೊಸ ಜಾಲ ಬೇಕಾದಾಗಲೆಲ್ಲ ಸ್ವಿಚ್‌ಗಳ ಸಂರಚನೆಯನ್ನೂ ಬದಲಿಸಬೇಕಾಗುತ್ತದೆ.

2014ರಲ್ಲಿ ದಾಖಲೆಯ ರೂಪ ಪಡೆದ ವಿಎಕ್ಸ್‌ಲ್ಯಾನ್ ವಿಧಾನ 24 ಬಿಟ್‌ಗಳ ಗುರುತನ್ನು ಬಳಸಿ ಈ ಮಿತಿಯನ್ನು ಸುಮಾರು 1.6 ಕೋಟಿಗೆ ಏರಿಸಿತು. ವರ್ಚುವಲ್ ಯಂತ್ರ ಕಳುಹಿಸಿದ ಮಾಹಿತಿಯ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಆ ಸರ್ವರ್‌ನಲ್ಲೇ ಇರುವ ಓಪನ್ ವಿಸ್ವಿಚ್‌ನಂಥ ತಂತ್ರಾಂಶ ಸ್ವಿಚ್ಚು, ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಮೇಲೆ ಬೇರೆ ವಿಳಾಸ ಬರೆದಂತೆ, ಮತ್ತೊಂದು ಪ್ಯಾಕೆಟ್ಟಿನೊಳಗಿಟ್ಟು ರವಾನಿಸುತ್ತದೆ. ಹೊರಗಿನ ಸ್ವಿಚ್‌ಗಳಿಗೆ ಕಾಣುವುದು ಸರ್ವರ್‌ಗಳ ವಿಳಾಸ ಮಾತ್ರವಾದ್ದರಿಂದ, ಇಬ್ಬರು ಬಳಕೆದಾರರು 10.0.0.5 ಎಂಬ ಒಂದೇ ವಿಳಾಸವನ್ನು ತಮ್ಮ ತಮ್ಮ ಜಾಲಗಳಲ್ಲಿ ಇಟ್ಟುಕೊಂಡರೂ ಗೊಂದಲವಾಗದು. ಈ ಜಾಲಗಳನ್ನೂ ಅವುಗಳ ರೂಟರ್‌ಗಳನ್ನೂ ಸೃಷ್ಟಿಸಿ ನಿರ್ವಹಿಸುವ ಓಪನ್‌ಸ್ಟ್ಯಾಕ್ ಘಟಕಕ್ಕೆ ನ್ಯೂಟ್ರಾನ್ ಎಂದು ಹೆಸರು.

ಆದರೆ ಹೊರ ಹೊದಿಕೆಗೂ ಜಾಗ ಬೇಕು, ಅದೂ 50 ಬೈಟ್. ಸಾಮಾನ್ಯ ಈಥರ್ನೆಟ್ ಒಮ್ಮೆಗೆ ಹೊರುವುದು 1,500 ಬೈಟ್ ಆದ್ದರಿಂದ ಒಳಗಿನ ಯಂತ್ರಕ್ಕೆ 1,450 ಮಾತ್ರ ಉಳಿಯುತ್ತದೆ. ಕ್ಷುಲ್ಲಕವೆಂದು ತೋರುವ ಈ ಲೆಕ್ಕವನ್ನು ಕಡೆಗಣಿಸಿದರೆ ಉಂಟಾಗುವ ದೋಷ ಬಹಳ ಮೋಸದ್ದು: ಚಿಕ್ಕ ಪ್ಯಾಕೆಟ್‌ಗಳು ಸರಾಗವಾಗಿ ಹೋಗಿಬರುವುದರಿಂದ ಪಿಂಗ್ ಪರೀಕ್ಷೆ ಗೆಲ್ಲುತ್ತದೆ, ಲಾಗಿನ್ ಕೂಡ ಆಗಬಹುದು, ದೊಡ್ಡ ಕಡತ ಕಳುಹಿಸಿದಾಗ ಮಾತ್ರ ಸಂಪರ್ಕ ಮಾತಿಲ್ಲದೆ ನಿಂತುಬಿಡುತ್ತದೆ. ಭೌತಿಕ ಜಾಲವನ್ನು 9,000 ಬೈಟ್‌ಗಳ ಜಂಬೋ ಫ್ರೇಮಿಗೆ ಏರಿಸುವುದು ಒಳ್ಳೆಯ ಪರಿಹಾರವೇ ಸರಿ. ಆದರೆ ಹಾದಿಯಲ್ಲಿ ಒಂದು ಸ್ವಿಚ್ 1,500ರಲ್ಲೇ ಉಳಿದರೂ, ನ್ಯೂಟ್ರಾನ್ ತನಗೆ ತಿಳಿಸಿದ ಅಂಕಿಯನ್ನೇ ನಂಬಿ ಲೆಕ್ಕ ಹಾಕುವುದರಿಂದ, ಅದೇ ದೋಷ ಮರುಕಳಿಸುತ್ತದೆ. ಆದ್ದರಿಂದ ತಂತ್ರಾಂಶ ಸ್ಥಾಪಿಸುವ ಮೊದಲೇ ಸರ್ವರ್‌ಗಳ ನಡುವೆ ದೊಡ್ಡ ಪ್ಯಾಕೆಟ್‌ಗಳನ್ನು ಕಳುಹಿಸಿ ಪರೀಕ್ಷಿಸುವುದು ಅಗತ್ಯ.

ಹೊರಗಿನವರು ಒಳಗಿನ ಯಂತ್ರವನ್ನು ತಲುಪಲು, ಬೇಕೆಂದಾಗ ಯಂತ್ರದಿಂದ ಯಂತ್ರಕ್ಕೆ ಬದಲಿಸಬಹುದಾದ ಫ್ಲೋಟಿಂಗ್ ಐಪಿ ಎಂಬ ವಿಳಾಸವನ್ನು ಅದಕ್ಕೆ ಜೋಡಿಸಬೇಕು. ಅಷ್ಟಾದರೂ ಸಾಲದು, ಏಕೆಂದರೆ ಸೆಕ್ಯೂರಿಟಿ ಗ್ರೂಪ್ ಎಂಬ ಕಾವಲು ನಿಯಮಾವಳಿ, ಅದೇ ಗುಂಪಿನ ಯಂತ್ರಗಳನ್ನು ಬಿಟ್ಟು ಹೊರಗಿನಿಂದ ಬರುವ ಬೇರೆಲ್ಲ ಸಂಪರ್ಕವನ್ನೂ ಆರಂಭದಲ್ಲಿ ತಡೆಯುತ್ತದೆ. ಹೊಸ ಯಂತ್ರ ಉತ್ತರಿಸದಿದ್ದಾಗ ಅನುಭವಿ ನಿರ್ವಾಹಕರು ಮೊದಲು ನೋಡುವುದು ಆ ನಿಯಮಗಳನ್ನೇ.