ಗದ್ದಲದ ನಡುವೆ ದನಿಯನ್ನು ಉಳಿಸುವ ಶೋಧಕ

ಚೆನ್ನೈ ಮಹಾನಗರದ ಪುರಸೈವಾಕ್ಕಂ ಹಳೆಯ ವಸತಿ ಪ್ರದೇಶವೂ ಹೌದು, ಜನನಿಬಿಡವಾದ ಪೇಟೆಯೂ ಹೌದು. ಅಲ್ಲಿಯ ಹೈರೋಡಿನಲ್ಲಿ ಬಟ್ಟೆ ಮತ್ತು ಚಿನ್ನಾಭರಣಗಳ ಅಂಗಡಿಗಳ ಮುಂದೆ ಬಸ್ಸು, ಆಟೋರಿಕ್ಷಾಗಳ ಹಾರ್ನ್ ಎಡೆಬಿಡದೆ ಕೇಳಿಸುತ್ತದೆ. ಅಂತಹ ರಸ್ತೆಯ ಬದಿಯಲ್ಲಿ ನಿಂತು ಒಬ್ಬರು ಮನೆಯಲ್ಲಿರುವ ರೋಗಿಯ ಸ್ಥಿತಿಯನ್ನು ವೈದ್ಯರಿಗೆ ಮೊಬೈಲ್ ಫೋನಿನಲ್ಲಿ ವಿವರಿಸುತ್ತಿದ್ದಾರೆ ಎಂದು ಭಾವಿಸೋಣ. ಔಷಧದ ಪ್ರಮಾಣವನ್ನು ಸೂಚಿಸುವ ಒಂದೇ ಒಂದು ಅಂಕಿ ಗದ್ದಲದಲ್ಲಿ ಮುಳುಗಿಹೋದರೂ ಅನರ್ಥವಾಗಬಹುದು.

ಎದುರಿಗೆ ನಿಂತವರ ಮಾತನ್ನು ಗದ್ದಲದಿಂದ ಬೇರ್ಪಡಿಸಿ ಕೇಳುವ ಶಕ್ತಿ ಮನುಷ್ಯನ ಕಿವಿ ಮತ್ತು ಮಿದುಳಿಗೆ ಇದೆ. ಮೈಕ್ರೋಫೋನಿಗೆ ಆ ವಿವೇಚನೆ ಇಲ್ಲ. ತನ್ನನ್ನು ತಲುಪಿದ ಎಲ್ಲ ಶಬ್ದವನ್ನೂ ಅದು ಒಂದಾಗಿಯೇ ಗ್ರಹಿಸುತ್ತದೆ. ಅದರಿಂದ ಮಾತನ್ನು ಬೇರ್ಪಡಿಸುವ ಒಂದು ಮುಖ್ಯ ಸಾಧನವೇ ಹೊಂದಿಕೊಳ್ಳುವ ಶೋಧಕ. ಎಂಜಿನಿಯರುಗಳು ಇದನ್ನು ಅಡಾಪ್ಟಿವ್ ಫಿಲ್ಟರ್ ಎನ್ನುತ್ತಾರೆ.

ಜರಡಿಯ ಮಿತಿ

ಸಾಮಾನ್ಯ ಶೋಧಕವು ಜರಡಿಯಂತೆ ಕೆಲಸ ಮಾಡುತ್ತದೆ. ನಿಗದಿತ ಆವರ್ತಾಂಕಗಳ ಶಬ್ದವನ್ನು ಬಿಟ್ಟು ಉಳಿದುದನ್ನು ಅದು ತಡೆಯುತ್ತದೆ. ಆದರೆ ಕಲ್ಲು ಅಕ್ಕಿಕಾಳಿನಷ್ಟೇ ಗಾತ್ರದ್ದಾಗಿದ್ದರೆ ಜರಡಿಯಿಂದ ಪ್ರಯೋಜನವಿಲ್ಲ. ಸಾಂಪ್ರದಾಯಿಕ ದೂರವಾಣಿಯಲ್ಲಿ ಮಾತು ಸುಮಾರು 300ರಿಂದ 3,400 ಹರ್ಟ್ಸ್ ವ್ಯಾಪ್ತಿಯಲ್ಲಿ ಸಾಗುತ್ತದೆ. ಹಾರ್ನಿನ ಶಬ್ದವೂ ಬಹುಪಾಲು ಅದೇ ವ್ಯಾಪ್ತಿಯಲ್ಲಿರುತ್ತದೆ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಮೇಲಾಗಿ ರಸ್ತೆಯ ಗದ್ದಲ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ.

ಎರಡನೆಯ ಕಿವಿ

ಹೊಂದಿಕೊಳ್ಳುವ ಶೋಧಕಕ್ಕೆ ಎರಡು ಮೂಲಗಳಿಂದ ಮಾಹಿತಿ ದೊರೆಯುತ್ತದೆ. ಅನೇಕ ಮೊಬೈಲ್ ಫೋನುಗಳಲ್ಲಿ ಬಾಯಿಯ ಬಳಿ ಒಂದು ಮೈಕ್ರೋಫೋನ್, ಮೇಲ್ತುದಿಯಲ್ಲಿ ಅಥವಾ ಹಿಂಭಾಗದಲ್ಲಿ ಇನ್ನೊಂದು ಮೈಕ್ರೋಫೋನ್ ಇರುತ್ತದೆ. ಮೊದಲನೆಯದು ಮಾತು ಮತ್ತು ಗದ್ದಲ ಎರಡನ್ನೂ ಗ್ರಹಿಸಿದರೆ, ಎರಡನೆಯದು ಹೆಚ್ಚಾಗಿ ಗದ್ದಲವನ್ನೇ ಗ್ರಹಿಸುತ್ತದೆ. ಆದರೆ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲಾಗದು. ಒಂದೇ ಗದ್ದಲ ಎರಡು ಸ್ಥಳಗಳನ್ನು ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಪ್ರಬಲತೆಯಲ್ಲಿ ತಲುಪುತ್ತದೆ.

ಆದ್ದರಿಂದ ಶೋಧಕವು ಎರಡನೆಯ ಮೈಕ್ರೋಫೋನಿನ ಅಳತೆಗಳನ್ನು ಕೆಲವು ಗುಣಕಗಳಿಂದ ಗುಣಿಸಿ, ಮೊದಲನೆಯದರಲ್ಲಿ ಸೇರಿರಬಹುದಾದ ಗದ್ದಲವನ್ನು ಅಂದಾಜು ಮಾಡಿ ಕಳೆಯುತ್ತದೆ. ಉಳಿದುದರಲ್ಲಿ ಗದ್ದಲದ ಹೋಲಿಕೆ ಇನ್ನೂ ಕಂಡುಬಂದರೆ ಗುಣಕಗಳನ್ನು ತುಸು ತಿದ್ದಿಕೊಳ್ಳುತ್ತದೆ. ದೂರವಾಣಿಯಲ್ಲಿ ಶಬ್ದವನ್ನು ಸೆಕೆಂಡಿಗೆ 8,000 ಬಾರಿ ಅಳೆಯುವ ಪದ್ಧತಿ ಇರುವುದರಿಂದ, ತಿದ್ದುಪಡಿಯೂ ಅಷ್ಟೇ ಬಾರಿ ನಡೆಯಬಲ್ಲದು. ಈ ಸರಳ ಕ್ರಮವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೋ ಮತ್ತು ಮಾರ್ಸಿಯನ್ ಹಾಫ್ ಅವರು 1960ರಲ್ಲಿ ಪ್ರಕಟಿಸಿದರು. ಇಂದಿನ ಉಪಕರಣಗಳು ಇದರೊಡನೆ ಬೇರೆ ವಿಧಾನಗಳನ್ನೂ ಬಳಸುತ್ತವೆ.

ದೂರದ ಕರೆಗಳಲ್ಲಿ ಮಾತನಾಡುವವರಿಗೆ ತಮ್ಮದೇ ದನಿ ಪ್ರತಿಧ್ವನಿಯಾಗಿ ಮರಳುತ್ತಿದ್ದುದನ್ನು ಅಳಿಸಲೂ ಇದೇ ತತ್ತ್ವ ನೆರವಾಯಿತು. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಈ ಸಾಧನವನ್ನು ರೂಪಿಸಿದವರಲ್ಲಿ ಮನಮೋಹನ ಸೋಂಧಿ ಒಬ್ಬರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ್ದವರು.

ಗರ್ಭಸ್ಥ ಶಿಶುವಿನ ಹೃದಯ

ಶೋಧಕದ ಉಪಯೋಗ ಶಬ್ದಕ್ಕೆ ಸೀಮಿತವಲ್ಲ. ಹೃದಯದ ವಿದ್ಯುತ್ ಸಂಕೇತವನ್ನು ದಾಖಲಿಸುವ ಇ.ಸಿ.ಜಿ. ಯಂತ್ರದಲ್ಲಿ ನಮ್ಮ ದೇಶದ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಕಂಪನವು ಬೆರೆಯುವುದುಂಟು. ಇದಕ್ಕಿಂತ ಕಠಿಣವಾದುದು ಗರ್ಭಸ್ಥ ಶಿಶುವಿನ ಹೃದಯವನ್ನು ಗುರುತಿಸುವ ಕಾರ್ಯ. ತಾಯಿಯ ಉದರದ ಮೇಲಿರಿಸಿದ ವಿದ್ಯುದ್ವಾರಗಳಲ್ಲಿ ತಾಯಿಯ ಹೃದಯದ ಸಂಕೇತವೇ ಪ್ರಬಲವಾಗಿದ್ದು, ಶಿಶುವಿನದು ಅದರಲ್ಲಿ ಮರೆಯಾಗುತ್ತದೆ. ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಾಯಿಯ ಎದೆಯಿಂದ ಪಡೆದ ಸಂಕೇತವನ್ನು ಆಧಾರವಾಗಿಟ್ಟುಕೊಂಡು ಉದರದ ಸಂಕೇತದಿಂದ ಅದನ್ನು ಕಳೆದು, ಶಿಶುವಿನ ಹೃದಯಬಡಿತವನ್ನು ಸ್ಪಷ್ಟಪಡಿಸಬಹುದೆಂದು ತೋರಿಸಿಕೊಟ್ಟರು.

ಶೋಧಕಕ್ಕೂ ಮಿತಿಯುಂಟು

ಶೋಧಕಕ್ಕೆ ಯಾವುದು ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯದು. ಗದ್ದಲವೆಂದು ಒದಗಿಸಿದ ಮಾಹಿತಿಯಲ್ಲಿ ಮಾತೂ ಬೆರೆತಿದ್ದರೆ, ಅದು ಮಾತನ್ನೂ ಗದ್ದಲವೆಂದೇ ಪರಿಗಣಿಸಿ ಕಳೆಯುತ್ತದೆ. ಫೋನನ್ನು ಬಾಯಿಯಿಂದ ದೂರ ಹಿಡಿದಾಗ ಅಥವಾ ಎರಡನೆಯ ಮೈಕ್ರೋಫೋನಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ದನಿ ಅಸ್ಪಷ್ಟವಾಗಬಹುದು. ತಿದ್ದುಪಡಿಯ ವೇಗವನ್ನು ಅತಿಯಾಗಿ ಹೆಚ್ಚಿಸಿದರೆ ಶೋಧಕ ಸ್ಥಿರತೆ ಕಳೆದುಕೊಳ್ಳುತ್ತದೆ. ಅತಿಯಾಗಿ ತಗ್ಗಿಸಿದರೆ ಬದಲಾಗುವ ಗದ್ದಲದ ಹಿಂದೆ ಬೀಳುತ್ತದೆ.

ಇದು ಶ್ರವಣ ಸಾಧನ ಬಳಸುವವರಿಗೂ ಅನ್ವಯಿಸುತ್ತದೆ. ಡಿಜಿಟಲ್ ಶ್ರವಣ ಸಾಧನಗಳಲ್ಲಿ ಕೇಳಿಬರುವ ಸಿಳ್ಳಿನಂತಹ ಶಬ್ದವನ್ನು ಅಡಗಿಸಲು ಹೊಂದಿಕೊಳ್ಳುವ ಶೋಧಕವನ್ನೇ ಬಳಸಲಾಗುತ್ತದೆ. ಆದರೆ ಸಾಧನವನ್ನು ವ್ಯಕ್ತಿಯ ಶ್ರವಣ ಪರೀಕ್ಷೆಗೆ ಅನುಗುಣವಾಗಿ ತಜ್ಞರಿಂದಲೇ ಹೊಂದಿಸಿಕೊಳ್ಳಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಸೌಲಭ್ಯವಿದೆ.

ಉಪಕರಣವು ದಾಖಲೆಯಲ್ಲಿನ ಗದ್ದಲವನ್ನು ಅಳಿಸಬಲ್ಲದೇ ಹೊರತು ರಸ್ತೆಯಲ್ಲಿನ ಗದ್ದಲವನ್ನಲ್ಲ. ಅಂಗಡಿಯಲ್ಲಿ ದಿನವಿಡೀ ನಿಲ್ಲುವವರ ಕಿವಿಗೆ ಯಾವ ಶೋಧಕವೂ ಇಲ್ಲ. ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶಗಳಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್, ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ನಿಗದಿಯಾಗಿದೆ. ಅನಾವಶ್ಯಕವಾಗಿ ಹಾರ್ನ್ ಮಾಡದಿರುವುದು ಪ್ರತಿಯೊಬ್ಬ ಚಾಲಕನಿಂದಲೂ ಸಾಧ್ಯ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.